ಯಾರ ಪೈಕಿ

ಎರಡರಲ್ಲಿ ಒಂದನ್ನು ಇವತ್ತು ಆರಿಸಿಯೇ ಬಿಡಬೇಕು ಎಂದು ಪರಮೇಶ್ ದಿನವೂ ಬೆಳಗಿನ ಕಾಫಿಯ ಹೊತ್ತಿಗೆ ಅಂದುಕೊಳ್ಳುತ್ತಿದ್ದ. ಲೋಟ ತೊಳೆಯಲು ಏಳುವ ಹೊತ್ತಿಗೆ ಆ ನಿರ್ಧಾರವೂ ಗಷ್ಟಿನ ಜೊತೆ ಬಚ್ಚಲಿಗೆ ಹೋಗಿರುತ್ತಿತ್ತು. ಮೊಬೈಲಿನ ಪರದೆಯಲ್ಲಿ ಎರಡೂ ಅಕ್ಕಪಕ್ಕ ಕೂತಿದ್ದವು, ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಸುವ ಜಿಪಿಎಸ್ ಕಂಪ್ಯೂಟರುಗಳು. ಒಂದರಲ್ಲಿ ಪೂರ್ತಿ ನಕ್ಷೆಯಿದೆ, ದಾರಿ ತಪ್ಪಿದರೆ ತಾನೇ ಬೇರೆ ದಾರಿ ಹುಡುಕಿ ಕೊಡುತ್ತದೆ. ಆದರೆ ಬೆರಳಿನಿಂದ ಪರದೆ ಮುಟ್ಟಿ ನಡೆಸಬೇಕು, ಬೆವರಿದ ಬೆರಳಿನ ಮಾತು ಅದು ಕೇಳುವುದಿಲ್ಲವಂತೆ. ಇನ್ನೊಂದು ಚಿಕ್ಕದು, ಗುಂಡಿ ಒತ್ತಿ ನಡೆಸುವಂಥದ್ದು, ಬ್ಯಾಟರಿ ಬೇಗ ಮುಗಿಯುವುದಿಲ್ಲ. ಆದರೆ ನಕ್ಷೆಯಿಲ್ಲ, ಖಾಲಿ ಪರದೆಯ ಮೇಲೆ ಬರೀ ಒಂದು ಗೆರೆ. ಗೆರೆಯ ಮೇಲೆ ಹೋಗುತ್ತಿರುವಷ್ಟು ಹೊತ್ತು ಸುಮ್ಮನಿರುತ್ತದೆ, ಗೆರೆ ಬಿಟ್ಟರೆ ಕೀಂ ಎನ್ನುತ್ತದೆ, ಎಲ್ಲಿಗೆ ಹೋಗಬೇಕೆಂದು ಮಾತ್ರ ಹೇಳುವುದಿಲ್ಲ. ಪರಮೇಶನ ಅಪ್ಪನೂ ಹೀಗೆಯೇ ಇದ್ದರು, ತಪ್ಪಿದಾಗ ಕೆಮ್ಮುತ್ತಿದ್ದರು, ಸರಿ ಯಾವುದೆಂದು ಕೊನೆಯವರೆಗೂ ಹೇಳಲಿಲ್ಲ. ಮಧುಗಿರಿಯ ಕಾಲೇಜಿನಲ್ಲಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವನು, ಬೇಡಿಕೆ ಪೂರೈಕೆ ಎಂದು ಹಲಗೆಯ ಮೇಲೆ ಗೆರೆ ಎಳೆದು ಎಳೆದು ಕೈ ಸವೆದವನು, ತನಗೆ ಬೇಕಾದ್ದನ್ನು ಆರಿಸಲಾರದೆ ಕೂತಿದ್ದಾನೆಂದರೆ ಹೆಂಡತಿ ಯಶಸ್ವಿನಿಗೆ ನಗು ಬರುತ್ತಿತ್ತು. ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟಿನ ತಟ್ಟೆ ಕೆಳಗಿಡುವುದರೊಳಗೆ ಒಪ್ಪಿದಿರಲ್ಲ, ಈ ಡಬ್ಬಿಗೇನು ಜಾತಕ ಕೂಡಬೇಕೇ ಎಂದು ಕೇಳಿದಳು.

ಕೂಡಬೇಕಾಗಿದ್ದದ್ದು ಬೇರೆಯೇ ಇತ್ತು, ಅದನ್ನು ಅವಳಿಗೆ ಹೇಳುವಂತಿರಲಿಲ್ಲ. ತುಮಕೂರಿನವರು ನಡೆಸುವ ಇನ್ನೂರು ಕಿಲೋಮೀಟರ್ ಸವಾರಿ ಹತ್ತಿರ ಬರುತ್ತಿತ್ತು. ಕೊರಟಗೆರೆ, ಮಧುಗಿರಿ ದಾಟಿ ಪಾವಗಡ ಮುಟ್ಟಿ ಬೇರೆ ದಾರಿಯಲ್ಲಿ ಸುತ್ತಿಕೊಂಡು ವಾಪಸ್ಸು. ದಾರಿಯನ್ನು ಫೈಲಿನಲ್ಲಿ ಕೊಟ್ಟುಬಿಡುತ್ತಾರೆ, ಜೊತೆಗೆ ಯಾವ ಗಾಡಿಯೂ ಬರುವುದಿಲ್ಲ. ಮೊಬೈಲು ಆ ಬಿಸಿಲಿಗೆ ತಡೆಯುವುದಿಲ್ಲವೆಂದು ಭಾನುವಾರಗಳಲ್ಲಿ ಜೊತೆಗೆ ತುಳಿಯುತ್ತಿದ್ದ ಅಶ್ವತ್ಥ ಮೊದಲಿನಿಂದ ಹೇಳುತ್ತಿದ್ದ. ಈ ಎರಡು ಯಂತ್ರಗಳ ಹೆಸರು ಕೂಡ ಅಶ್ವತ್ಥನೇ ಹೇಳಿದ್ದು, ಇಬ್ಬರೂ ಒಟ್ಟಿಗೇ ಕೊಳ್ಳುವುದೆಂದು ಮಾತಾಗಿತ್ತು. ಈಗ ಅಶ್ವತ್ಥ ತನ್ನದನ್ನು ಕೊಂಡಿದ್ದಾನೆಂದು ಯಾರೋ ಹೇಳಿದರು. ಯಾವುದನ್ನು ಕೊಂಡ ಎಂದು ಕೇಳಬೇಕಿತ್ತು. ಅಶ್ವತ್ಥ, ಯಾವುದು ಕೊಳ್ಳಲಿ ಹೇಳಯ್ಯ ಎಂಬ ಒಂದು ಮಾತಿನಿಂದ ಎಲ್ಲವನ್ನೂ ಮತ್ತೆ ಶುರುಮಾಡಬಹುದಿತ್ತು. ಪರಮೇಶ್ ಇಷ್ಟು ದಿನ ಯಂತ್ರ ಆರಿಸುತ್ತಿರಲಿಲ್ಲ, ಆ ಒಂದು ಮಾತನ್ನು ಬಾಯಿಗೆ ತಂದುಕೊಳ್ಳುತ್ತಿದ್ದ.

ಅಶ್ವತ್ಥ ಸತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಪರಮೇಶ್ ಇತ್ತೀಚೆಗೆ ಅವನನ್ನು ನೆನೆಯುತ್ತಿದ್ದ ರೀತಿ ಸತ್ತವರನ್ನು ನೆನೆಯುವ ರೀತಿಯೇ ಆಗಿತ್ತು. ಅದೇ ಊರಿನಲ್ಲಿ ಬೆಟ್ಟದ ಬುಡದ ಬೀದಿಯ ಬಾಡಿಗೆ ಮನೆಯಲ್ಲಿ ಹೆಂಡತಿ ಅನುಷಾಳ ಜೊತೆ ಚೆನ್ನಾಗಿಯೇ ಇದ್ದ. ದಿನವೂ ಬಸ್ಸು ಹತ್ತಿ ಕೊಡಿಗೇನಹಳ್ಳಿ ಕಡೆಯ ಶಾಲೆಗೆ ವಿಜ್ಞಾನ ಹೇಳಲು ಹೋಗುತ್ತಿದ್ದ. ಆದರೆ ಪರಮೇಶ್ ಒಬ್ಬನೇ ಸೈಕಲ್ ತುಳಿಯುವಾಗ ಹಿಂದಿನಿಂದ ಅಶ್ವತ್ಥನ ಸೈಕಲ್ಲಿನ ಹಿಂಚಕ್ರದ ಸದ್ದು ಕೇಳುತ್ತಿತ್ತು. ತುಳಿಯುವುದು ಬಿಟ್ಟು ಇಳಿಜಾರಿನಲ್ಲಿ ಹರಿಯಬಿಟ್ಟಾಗ ಟಿಕ್ ಟಿಕ್ ಎಂದು ಬರುವ ಸದ್ದು. ಒಂದೊಂದು ಸೈಕಲ್ಲಿಗೆ ಒಂದೊಂದು ಥರ, ಅಶ್ವತ್ಥನದು ಕೊಂಚ ಒರಟು. ತಿರುಗಿ ನೋಡಿದರೆ ರಸ್ತೆ ಖಾಲಿ, ಒಣಗಿದ ಹುಣಿಸೆ ಎಲೆ. ಮತ್ತೆ ಮುಂದೆ ನೋಡಿದರೆ ಸದ್ದು. ಸತ್ತವರು ಕಾಡಿದರೆ ಅದಕ್ಕೊಂದು ದಾರಿಯಿದೆ, ಅಮಾವಾಸ್ಯೆಗೆ ಎಡೆ ಇಟ್ಟು ಕೈಮುಗಿದರೆ ಸಮಾಧಾನವಾಗುತ್ತಾರೆ. ಬದುಕಿರುವವನು, ಅದೂ ಒಂದೇ ಊರಿನಲ್ಲಿ ತರಕಾರಿ ಅಂಗಡಿಯ ಮುಂದೆ ನಮಸ್ಕಾರ ಸಾರ್ ಎನ್ನುವವನು ಕಾಡಿದರೆ ಎಡೆ ಇಡುವುದು ಎಲ್ಲಿ.

ಭಾನುವಾರವಾದ್ದರಿಂದ ಅವತ್ತೂ ಹೊರಟ. ದೊಡ್ಡೇರಿ ಕಡೆಯಿಂದ ಹೋಗಿ ಶಿರಾ ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿ ಬರುವುದೆಂದು ಮೊಬೈಲಿನಲ್ಲಿ ದಾರಿ ಹಾಕಿಕೊಂಡ. ಹೊರಡುವ ಮುಂಚೆ ಎದೆಪಟ್ಟಿ ಕಟ್ಟಿಕೊಂಡ. ಎದೆಬಡಿತ ಅಳೆಯುವ ಪಟ್ಟಿ ಅದು, ಎದೆಯ ನಡುವೆ ಒಂದು ಪುಟ್ಟ ಗಟ್ಟಿ ಬಿಲ್ಲೆ ಬರುತ್ತದೆ, ತರಬೇತಿಯೆಂದರೆ ಎಲ್ಲವೂ ಅದರ ಅಂಕಿಯ ಮೇಲೆ. ಮೊದಲು ಅಲ್ಲಿ ಲಿಂಗದ ಕರಡಿಗೆ ಇರುತ್ತಿತ್ತು. ಪಟ್ಟಿಗೂ ಶಿವದಾರಕ್ಕೂ ಸಿಕ್ಕುಬಿದ್ದು ಎದೆ ತರಚಿದ್ದರಿಂದ ಕರಡಿಗೆಯನ್ನು ತೆಗೆದು ದೇವರ ಗೂಡಿನಲ್ಲಿ ಇಟ್ಟಿದ್ದ, ಸವಾರಿಯ ದಿನ ಮಾತ್ರ ಎಂದು. ಆಮೇಲೆ ಉಳಿದ ದಿನವೂ ಮರೆತುಹೋಯಿತು. ಅವ್ವ ಬದುಕಿದ್ದಿದ್ದರೆ ಲಿಂಗವನ್ನು ಬಿಟ್ಟು ಡಬ್ಬಿ ಕಟ್ಟಿಕೊಂಡೆಯೇನೋ ಎಂದು ಕೇಳುತ್ತಿದ್ದಳು. ಅದೇ ಥರದ ಪಟ್ಟಿಯನ್ನು ಅದೇ ವಾರ ಅಶ್ವತ್ಥನೂ ತರಿಸಿಕೊಂಡಿದ್ದ. ಮೊದಲ ದಿನ ಇಬ್ಬರೂ ರಸ್ತೆ ಬದಿ ನಿಂತು, ನಿನ್ನ ಎದೆ ಎಷ್ಟು ಹೊಡೀತಿದೆ, ನಿಮ್ಮದೆಷ್ಟು ಸಾರ್ ಎಂದು ಹುಡುಗರ ಹಾಗೆ ನೋಡಿಕೊಂಡಿದ್ದರು.

ಅಶ್ವತ್ಥ ಪಾವಗಡ ಕಡೆಯವನು, ಊರಾಚೆಯ ಕಾಲೋನಿಯಲ್ಲಿ ಹುಟ್ಟಿ ಬೆಳೆದವನು. ಇದು ಪರಮೇಶನಿಗೆ ಗೊತ್ತಿತ್ತು, ಗೊತ್ತಿದೆ ಎಂಬುದು ಅಶ್ವತ್ಥನಿಗೂ ಗೊತ್ತಿತ್ತು, ಮತ್ತು ಅದರ ಬಗ್ಗೆ ಒಂದು ಮಾತೂ ಆಡದಿರುವುದೇ ದೊಡ್ಡಸ್ತಿಕೆ ಎಂದು ಪರಮೇಶ್ ತಿಳಿದಿದ್ದ. ಜೊತೆಯಾಗಿ ತುಳಿದ ದಿನಗಳಲ್ಲಿ ದಾರಿ ತಪ್ಪಿದರೆ ಕೇಳುವವನು ಯಾವಾಗಲೂ ಪರಮೇಶ್. ಹಳ್ಳಿಯ ಕಟ್ಟೆಯ ಹತ್ತಿರ ಬಂದ ಕೂಡಲೇ ಅಶ್ವತ್ಥನಿಗೆ ಚೈನು ನೆನಪಾಗುತ್ತಿತ್ತು, ಇಲ್ಲವೇ ನೀರಿನ ಬಾಟಲಿಯ ಮುಚ್ಚಳ ಸಡಿಲವಾಗಿರುತ್ತಿತ್ತು. ಎಷ್ಟೋ ದಿನ ಪರಮೇಶನಿಗೆ ಅದು ನಾಚಿಕೆಯೆಂದೇ ಅನಿಸಿತ್ತು. ಈ ಸೀಮೆಯಲ್ಲಿ ದಾರಿ ಕೇಳಿದವನಿಗೆ ದಾರಿ ಹೇಳುವ ಮೊದಲು ಯಾವೂರು ಎನ್ನುತ್ತಾರೆ. ಊರು ಹೇಳಿದರೆ ಯಾರ ಪೈಕಿ ಎನ್ನುತ್ತಾರೆ. ಅದನ್ನೂ ಹೇಳಿದ ಮೇಲೆ ಮುಖ ಅರಳುವುದೋ ಮುಚ್ಚಿಕೊಳ್ಳುವುದೋ ಆಗಿ, ಆಮೇಲೆ ಎಡಕ್ಕೋ ಬಲಕ್ಕೋ ಕೈ ತೋರಿಸುತ್ತಾರೆ. ಇದರಲ್ಲಿ ಕೆಟ್ಟದ್ದೇನೂ ಪರಮೇಶನಿಗೆ ಕಂಡಿರಲಿಲ್ಲ. ಅವನ ಪಾಲಿಗೆ ಮುಖಗಳು ಅರಳಿಯೇ ಇದ್ದವು, ನಿಮ್ಮ ದೊಡ್ಡಪ್ಪನ ಬೀಗರು ನಮ್ಮ ಅತ್ತಿಗೆಯ ಕಡೆಯವರಲ್ಲವೇ ಎಂದು ಮಜ್ಜಿಗೆಯೂ ಬರುತ್ತಿತ್ತು. ಒಂದು ದಿನ ಮಿಡಿಗೇಶಿ ರಸ್ತೆಯಲ್ಲಿ ಹುಣಿಸೆ ನೆರಳಿಗೆ ಕೂತಾಗ ಅಶ್ವತ್ಥ ಮೊಬೈಲಿನಲ್ಲಿ ನಕ್ಷೆಯಿರುವ ಯಂತ್ರವನ್ನು ತೋರಿಸಿ, ಇದೊಂದು ತಗೊಂಡ್ಬುಟ್ರೆ ಸಾಕು ಸಾರ್ ಎಂದಿದ್ದ. "ಎಡಕ್ಕೆ ತಿರುಗು ಅನ್ನುತ್ತೆ, ಬಲಕ್ಕೆ ತಿರುಗು ಅನ್ನುತ್ತೆ. ಯಾವೂರು, ಯಾರ ಪೈಕಿ ಅನ್ನಲ್ಲ." ಪರಮೇಶ್ ಅದನ್ನು ತಮಾಷೆ ಎಂದುಕೊಂಡು ಬೆನ್ನು ತಟ್ಟಿ ನಕ್ಕಿದ್ದ. ನಕ್ಕಿದ್ದು ನೆನಪಾದಾಗಲೆಲ್ಲ ಈಗ ಆ ಅಂಗೈ ಉರಿಯುತ್ತದೆ.

ಗೌಡಗೆರೆ ದಾಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಏರಿತ್ತು. ಕಡಲೆಕಾಯಿ ಕಿತ್ತು ಮುಗಿದ ಹೊಲಗಳು ಕೆಂಪಗೆ ಬೋಳಾಗಿ ಬಿದ್ದಿದ್ದವು. ಹ್ಯಾಂಡಲ್ಲಿನ ಮೇಲಿದ್ದ ಮೊಬೈಲು ಮೊದಲು ಮಂಕಾಯಿತು, ಆಮೇಲೆ ತಣ್ಣಗಾಗುವವರೆಗೆ ನನ್ನನ್ನು ಮುಟ್ಟಬೇಡ ಎಂಬಂಥ ಏನೋ ಒಂದು ಬರೆದು ಕಪ್ಪಾಯಿತು. ಅಶ್ವತ್ಥ ಹೇಳಿದ್ದೇ ಆಯಿತು. ಮುಂದೆ ರಸ್ತೆ ಕವಲಾಗಿತ್ತು, ಕೇಳಲು ಒಬ್ಬ ದನ ಕಾಯುವವನೂ ಇರಲಿಲ್ಲ. ಹಿಂದಿನಿಂದ ಟಿಕ್ ಟಿಕ್ ಸದ್ದು ಹತ್ತಿರ ಬಂದು, ಪಕ್ಕಕ್ಕೆ ಬಂದು, ಎಡದ ಕವಲಿಗೆ ಇಳಿದ ಹಾಗಾಯಿತು. ಪರಮೇಶ್ ಎಡಕ್ಕೆ ತಿರುಗಿಸಿದ. ಈ ದಾರಿ ಎಲ್ಲಿಗೆ ಹೋಗುತ್ತದೆಂದು ತನಗೆ ಗೊತ್ತಿಲ್ಲವೆಂದು ಸುಮಾರು ದೂರ ತನಗೆ ತಾನೇ ಸುಳ್ಳು ಹೇಳಿಕೊಂಡ. ಬೇವಿನ ಮರ, ನೀಲಿ ಬಾಗಿಲು, ಬಾಗಿಲ ಮುಂದೆ ಕಲ್ಲಿನ ಜಗಲಿ ಕಂಡಾಗ ಆ ಸುಳ್ಳು ಕೂಡ ಮುಗಿಯಿತು.

ಅಶ್ವತ್ಥನ ಜೊತೆ ಇಲ್ಲಿಗೆ ಬಂದ ದಿನವೂ ಇದೇ ಹೊತ್ತು. ಆಗ ಕಡಲೆಕಾಯಿ ಕೀಳುವ ಕಾಲ, ಜಗಲಿಯ ತುಂಬ ಬಳ್ಳಿ, ಮಣ್ಣಿನ ವಾಸನೆ. ದಾರಿ ಕೇಳಿದ್ದಕ್ಕೆ ಬಳ್ಳಿ ಬಿಡಿಸುತ್ತಿದ್ದ ಮುದುಕ ತಲೆಯೆತ್ತಿ ಯಾವೂರು ಎಂದ, ಮಧುಗಿರಿ. ಯಾರ ಪೈಕಿ ಎಂದ, ಲಿಂಗಾಯತರು. ಮುಖ ಅರಳಿತು. ಅವರ ಹೆಸರು ಚನ್ನಮಲ್ಲಯ್ಯ, ಅವರೂ ಲಿಂಗಾಯತರೇ. ಅರಳಿದ ಮುಖ ಹಾಗೆಯೇ ಅಶ್ವತ್ಥನ ಕಡೆಗೆ ತಿರುಗಿತು. ಸವಾರಿಯ ಅಂಗಿ ಮೈಗೆ ಅಂಟಿಕೊಂಡಿತ್ತು, ಇಬ್ಬರ ಎದೆಯ ನಡುವೆಯೂ ಪಟ್ಟಿಯ ಬಿಲ್ಲೆ ಒಂದೇ ರೀತಿ ಉಬ್ಬಿ ಕಾಣುತ್ತಿತ್ತು. ಮುದುಕ ಆ ಉಬ್ಬನ್ನು ನೋಡಿ, ಈ ಕಾಲದ ಹುಡುಗರು ಸೈಕಲ್ ತುಳಿಯುವಾಗಲೂ ಲಿಂಗ ಬಿಟ್ಟಿಲ್ಲ ನೋಡು ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿ, ಇವ್ರೂ ನಮ್ಮವ್ರೇ ಅಲ್ವಾ ಎಂದು ಪರಮೇಶನನ್ನು ಕೇಳಿದರು. ಅಶ್ವತ್ಥ ಬಾಯಿ ತೆರೆದಿದ್ದ. ತೆರೆದಿದ್ದನೇ, ಇಲ್ಲವೇ? ಪರಮೇಶ್ ಇದನ್ನು ಎಷ್ಟು ಸಲ ನೆನೆದಿದ್ದಾನೆಂದರೆ ನೆನಪು ಸವೆದು, ಅಶ್ವತ್ಥನ ಮುಖ ಇರಬೇಕಾದ ಕಡೆ ಬರೀ ಬಿಸಿಲು ಉಳಿದಿದೆ. ಹೂಂ, ನಮ್ಮವರೇ ಎಂದು ಪರಮೇಶನೇ ಅಂದುಬಿಟ್ಟಿದ್ದ. ಸ್ನೇಹಿತನಿಗೆ ಬಿಸಿಲಿನಲ್ಲಿ ನಿಲ್ಲುವ ಕಷ್ಟ ತಪ್ಪಿಸಿದೆನೆಂದು ಆ ಕ್ಷಣದಲ್ಲಿ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಳಗೆ ಕರೆದರು. ಕೈಕಾಲು ತೊಳೆದು ಕೂತರೆ ಊಟಕ್ಕೆ ಮುಂಚೆ ಮುದುಕರ ಹೆಂಡತಿ ನಾಗರತ್ನಮ್ಮ ಇಬ್ಬರ ಮುಂದೆಯೂ ವಿಭೂತಿಯ ತಟ್ಟೆ ಹಿಡಿದರು. ಅಶ್ವತ್ಥನ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು. ನಮ್ಮ ಹುಡುಗನಿಗೆ ನಾಚಿಕೆ ಕಣಮ್ಮ ಎಂದು ನಕ್ಕು, ಪರಮೇಶ್ ತಾನೇ ಮೂರು ಬೆರಳಿಂದ ವಿಭೂತಿ ತೆಗೆದು ಅಶ್ವತ್ಥನ ಹಣೆಗೆ ಎಳೆದಿದ್ದ.

ಮುದ್ದೆ, ಹುರುಳಿ ಸಾರು, ಕಡಲೆಕಾಯಿ ಚಟ್ನಿ. ಅಶ್ವತ್ಥ ಬಡಿಸಿದ್ದನ್ನೆಲ್ಲ ಉಂಡ. ಒಂದು ತುತ್ತನ್ನೂ ಬಿಡದೆ, ತಲೆ ಎತ್ತದೆ ಉಂಡ. ಊರು ದಾಟಿದ ಮೇಲೆ ಹೊಲದ ಪಂಪ್‌ಸೆಟ್ಟಿನ ಹತ್ತಿರ ಇಳಿದು ಮುಖ ತೊಳೆದುಕೊಳ್ಳತೊಡಗಿದ, ಹಣೆಯ ಬೂದಿ ಹೋಗಿ ಎಷ್ಟೋ ಹೊತ್ತಾದ ಮೇಲೂ ತೊಳೆಯುತ್ತಲೇ ಇದ್ದ. ಪರಮೇಶ್ ಸೈಕಲ್ ಹಿಡಿದು ನಿಂತಿದ್ದ. ನೀರಿನ ಸದ್ದು ನಿಂತ ಮೇಲೆ ಅಶ್ವತ್ಥ ಒಂದೇ ಮಾತು ಆಡಿದ್ದು: "ನನ್ನ ಕೇಳಿದ್ರಲ್ಲವಾ ಸಾರ್ ಅವ್ರು. ನೀವ್ಯಾಕೆ ಹೇಳಿದ್ರಿ." ಅವರು ಕೇಳಿದ್ದು ನನ್ನನ್ನು ಎಂದು ಹೇಳಲು ಹೊರಟ ಪರಮೇಶ್ ಅದನ್ನು ಹೇಳದೆ ಸೈಕಲ್ ಹತ್ತಿದ. ಮುಂದಿನ ಭಾನುವಾರ ಅಶ್ವತ್ಥನಿಗೆ ಶಾಲೆಯಲ್ಲಿ ಕೆಲಸವಿತ್ತು, ಅದರ ಮುಂದಿನ ಭಾನುವಾರ ಯಾರದೋ ಮದುವೆಯಿತ್ತು, ಆಮೇಲೆ ಪರಮೇಶ್ ಕೇಳುವುದನ್ನು ಬಿಟ್ಟ.

ಈಗ ಜಗಲಿಯ ಮೇಲೆ ಬಳ್ಳಿಯಿರಲಿಲ್ಲ. ಚನ್ನಮಲ್ಲಯ್ಯ ಬರಿಮೈಯಲ್ಲಿ ಗೋಡೆಗೊರಗಿ ಕೂತಿದ್ದರು, ಎದೆಯ ಮೇಲೆ ಬೆಳ್ಳಿಯ ಕರಡಿಗೆ. ಸೈಕಲ್ ನಿಂತದ್ದನ್ನು ನೋಡಿ ಕಣ್ಣಿಗೆ ಕೈ ಅಡ್ಡ ಹಿಡಿದರು. ಬನ್ನಿ ಎಂದು ಎದ್ದೇಳಬಹುದು ಎಂದು ಪರಮೇಶ್ ಕಾದ. ಅವರು ಏಳಲಿಲ್ಲ. ಫೋನು ಕೆಟ್ಟಿದೆ, ಮಧುಗಿರಿ ರಸ್ತೆ ಹಿಡಿಯುವುದು ಹೇಗೆ ಎಂದು ಗುರುತೇ ಇಲ್ಲದವನ ಹಾಗೆ ಕೇಳಿದ, ಮತ್ತು ಕೇಳುತ್ತಿದ್ದಂತೆ ತನ್ನ ದನಿ ತನಗೇ ಹೇಸಿಗೆಯಾಯಿತು.

"ಗುರ್ತೈತೆ ನಂಗೆ," ಚನ್ನಮಲ್ಲಯ್ಯ ಅಂದರು. "ನಿನ್ ಜೊತೆ ಬಂದಿದ್ನಲ್ಲ, ಆ ಹುಡುಗ ಬಂದಿದ್ದ."

ಪರಮೇಶನಿಗೆ ಅರ್ಥವಾಗಲಿಲ್ಲ. ಅವರೇ ನಿಧಾನವಾಗಿ, ಪಂಚಾಯಿತಿಯಲ್ಲಿ ಸಾಕ್ಷಿ ಹೇಳುವವರ ಹಾಗೆ ಹೇಳಿದರು. ಹೋದ ತಿಂಗಳು ಒಬ್ಬನೇ ಬಂದ. ಸೈಕಲ್ಲಿನ ಮೇಲೆ ಪುಟ್ಟ ಟೀವಿಯಂಥದ್ದು ಇತ್ತು, ಯಾರನ್ನೂ ಕೇಳದೆ ನೇರ ಬಾಗಿಲಿಗೇ ಬಂದು ನಿಂತ. ಬಾರಪ್ಪಾ ಒಳಕ್ಕೆ ಎಂದರೆ ಬರಲಿಲ್ಲ, ಇಲ್ಲೇ ಕೆಳಗೇ ನಿಂತು, ನಾನು ನಿಮ್ಮವನಲ್ಲ ಅಜ್ಜ, ಕಾಲೋನಿಯವನು, ಎದೆ ಮೇಲಿದ್ದದ್ದು ಲಿಂಗವಲ್ಲ, ಇದು ಎಂದು ಅಂಗಿಯೆತ್ತಿ ಪಟ್ಟಿ ತೋರಿಸಿದ; ಅವತ್ತು ನಿಮ್ಮನೆಯಲ್ಲಿ ಉಂಡೆ, ಊಟ ಚೆನ್ನಾಗಿತ್ತು, ಬೇರೆಯವನ ಹೆಸರಲ್ಲಿ ಉಂಡಿದ್ದು ಮೈಗೆ ಹತ್ತಲಿಲ್ಲ, ಹೇಳಿ ಹೋಗೋಣ ಅಂತ ಬಂದೆ ಎಂದ. ನಾಗರತ್ನಮ್ಮ ನೀರು ತರಲು ಎದ್ದರೆ ಬೇಡಿ ಎಂದು ತನ್ನ ಬಾಟಲಿಯಿಂದಲೇ ಕುಡಿದ. ಕೈಮುಗಿದು ಹೋದ. ಅಷ್ಟೇ. ಅಶ್ವತ್ಥ ಕೊಂಡ ಯಂತ್ರದಲ್ಲಿ ಮೊದಲು ಹಾಕಿದ ದಾರಿ ಇದೇ ಇರಬೇಕು ಎಂದು ಪರಮೇಶನಿಗೆ ಹೊಳೆಯಿತು. ಸೈಕಲ್ಲಿನ ಮೇಲೆ ಭಾರ ಬಿಟ್ಟು ನಿಂತ.

"ನಾನು ಏನೂ ಅನ್ನಲಿಲ್ಲ ಅವ್ನಿಗೆ. ಅನ್ನೋಕೆ ಬಾಯಿ ಬರ್ಲಿಲ್ಲ," ಅಂದರು ಮುದುಕ. "ಅವ್ನು ನಿಜ ಹೇಳ್ಬುಟ್ಟು ಹೋದ. ಸುಳ್ಳು ಹೇಳ್ದೋನು ನೀನು. ಈಗ ನೀನು ಯಾರ ಪೈಕಿ ಅಂತ ನಾನು ಹೆಂಗೆ ನಂಬ್ಲಿ?"

ಮತ್ತೆ ಅವರ ಕಣ್ಣು ಅವನ ಎದೆಯ ಉಬ್ಬಿನ ಮೇಲೆ ನಿಂತಿತು. ಪರಮೇಶ್ ತಾನಾಗಿಯೇ ಅಲ್ಲಿಗೆ ಕೈ ಒಯ್ದ, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ. ಬಿಲ್ಲೆಯ ಅಡಿಯಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ಆ ಅಂಕಿಯನ್ನು ನೋಡಲು ಕಪ್ಪಾಗಿದ್ದ ಫೋನಿನ ಕಡೆಗೆ ಕಣ್ಣು ಅಭ್ಯಾಸಬಲದಿಂದ ಹೋಯಿತು. ಅವನು ಲಿಂಗಾಯತನೇ. ಹುಟ್ಟಿದ್ದು ಅದೇ, ಬೆಳೆದದ್ದು ಅದೇ. ಆದರೆ ಅಂಗಿಯೆತ್ತಿದರೆ ಅಶ್ವತ್ಥನ ಎದೆಯ ಮೇಲಿದ್ದದ್ದೇ ಇಲ್ಲೂ ಇತ್ತು. ಬಾಯಾರಿಕೆಯಾಗಿದೆ ಎಂದ. ಬಾಟಲಿ ಆಗಲೇ ಖಾಲಿಯಾಗಿತ್ತು.

ನಾಗರತ್ನಮ್ಮ ಚೊಂಬು ಹಿಡಿದು ಬಾಗಿಲಿಗೆ ಬಂದವರು ಗಂಡನ ಮುಖ ನೋಡಿದರು. ಮುದುಕ ಗದ್ದವನ್ನು ಕೊಂಚ ಆಡಿಸಿದರು ಅಷ್ಟೇ. ಆಕೆ ಜಗಲಿಯ ಅಂಚಿಗೆ ಬಂದು, ಚೊಂಬನ್ನು ಕೊಡದೆ, ಮೇಲಿನಿಂದ ಬಾಗಿಸಿದರು. ಪರಮೇಶನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಎರಡೂ ಕೈ ಜೋಡಿಸಿ ಬಾಯಿಗೆ ಹಿಡಿದು ಬಗ್ಗಿದ. ಬಗ್ಗಿ ಕುಡಿಯುವುದು ಅವನಿಗೆ ಗೊತ್ತಿರಲಿಲ್ಲ, ಅದನ್ನೂ ಚಿಕ್ಕಂದಿನಿಂದ ಕಲಿಯಬೇಕಾಗುತ್ತದೆ; ನೀರು ಬೆರಳ ಸಂದಿಯಿಂದ ಸೋರಿ ಮೊಣಕೈಗಿಳಿದು ಮಂಡಿಯ ಮೇಲೆ, ಶೂ ಮೇಲೆ ಸುರಿಯಿತು. ಒಂದು ಗುಟುಕು ಗಂಟಲಿಗೆ ಹೋಯಿತು. ಆ ಗುಟುಕಿನ ಜೊತೆ ಒಂದು ವಿಚಿತ್ರವಾದ ಸುಖವೂ ಇಳಿಯಿತು, ನಾಚಿಕೆಯಾದರೂ ಹೇಳಲೇಬೇಕು. ಆಗಬೇಕಾದ್ದು ಆಗುತ್ತಿದೆ, ಇದೇ ಸರಿ, ಸುಮ್ಮನೆ ಕುಡಿದು ಸೈಕಲ್ ಹತ್ತಿದರೆ ಇಷ್ಟು ದಿನದ್ದು ಇಲ್ಲಿಗೆ ತೀರಿತು ಎನಿಸಿತು. ಸಂಜೆ ಅಶ್ವತ್ಥನ ಮನೆಗೆ ಹೋಗಿ ಇದನ್ನು ಹೇಳುವುದು, ಅವನು ಕೇಳುವುದು, ಇಬ್ಬರೂ ಸುಮ್ಮನೆ ಕೂರುವುದು, ಎಲ್ಲವೂ ಆ ಬಗ್ಗಿದ ಸ್ಥಿತಿಯಲ್ಲೇ ಕಣ್ಣಿಗೆ ಕಟ್ಟಿತು. ಮಾಡಬೇಕಾದ್ದು ಏನೂ ಇರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು.

"ನಾವು ಮಿಡಿಗೇಶಿ ನಾಗಲಿಂಗಯ್ಯನವರ ಕಡೆಯವರು," ಎಂದ.

ಅಂದದ್ದು ಅವನೇ. ಕೈಯಲ್ಲಿ ಇನ್ನೂ ನೀರಿತ್ತು. ನಾಗಲಿಂಗಯ್ಯನವರು ನಮ್ಮ ತಾತ, ಅವರ ತಂಗಿಯನ್ನು ಕೊಟ್ಟದ್ದು ಶಿರಾದ ಎಣ್ಣೆ ಅಂಗಡಿಯವರ ಮನೆಗೆ, ನಮ್ಮ ಚಿಕ್ಕಪ್ಪ ಕೊರಟಗೆರೆಯಲ್ಲಿ ಮೇಷ್ಟ್ರಾಗಿದ್ದರು ಎಂದು ಒಂದರ ಹಿಂದೆ ಒಂದು ಹೆಸರು ಬರತೊಡಗಿತು. ನಿಲ್ಲಿಸಬೇಕೆಂದು ಒಳಗೆ ಯಾರೋ ಹೇಳುತ್ತಿದ್ದರು, ಬಾಯಿ ಮಾತ್ರ ಇಳಿಜಾರಿನ ಸೈಕಲ್ಲಿನ ಹಾಗೆ ಹೋಗುತ್ತಲೇ ಇತ್ತು. ಮದುವೆ ಮನೆಗಳು, ಮಠದ ಹೆಸರು, ಅಯ್ಯನೋರ ಹೆಸರು, ಯಾವಾಗಲೋ ಸತ್ತ ಸೋದರತ್ತೆಯ ಹೆಸರು ಕೂಡ ಬಂತು. ಅರ್ಥಶಾಸ್ತ್ರದ ಒಂದು ಸೂತ್ರವೂ ಇಷ್ಟು ಸರಾಗವಾಗಿ ಅವನ ಬಾಯಲ್ಲಿ ಬಂದದ್ದಿಲ್ಲ. ಸೋದರತ್ತೆಯ ಹೆಸರಿಗೆ ನಾಗರತ್ನಮ್ಮನ ಕೈಯಲ್ಲಿದ್ದ ಚೊಂಬು ನೆಟ್ಟಗಾಯಿತು.

"ಅಯ್ಯೋ, ನಮ್ ದೊಡ್ಡಕ್ಕನ ವಾರಗಿತ್ತಿ ಕಣ್ರಿ ಅವ್ರು," ಆಕೆ ಗಂಡನಿಗೆ ಹೇಳಿದರು. "ಅವತ್ತೇ ಹೇಳ್ಬಾರ್ದಿತ್ತಾ ಇವ್ರು. ಬನ್ನಿ ಒಳಕ್ಕೆ."

ನೀನು ಎಂದಿದ್ದ ಚನ್ನಮಲ್ಲಯ್ಯನವರ ಬಾಯಲ್ಲೂ ನೀವು ಬಂತು. ಎದ್ದು ನಿಂತು ಬಾಗಿಲು ಬಿಟ್ಟರು. ಬಿಸಿಲಲ್ಲಿ ನಿಲ್ಲಿಸಿಬಿಟ್ಟೆ, ತಪ್ಪು ತಿಳಿಯಬೇಡಿ, ಕಾಲ ಹಾಗಿದೆ ಎಂದರು. ಪರಮೇಶ್ ಒಳಗೆ ಹೋದ. ಅದೇ ಕಂಬದ ಪಕ್ಕ, ಅದೇ ಮಣೆಯ ಮೇಲೆ ಕೂತ. ವಿಭೂತಿಯ ತಟ್ಟೆ ಬಂತು, ಬೇಡವೆನ್ನುವುದಕ್ಕೆ ಕಾರಣ ಸಿಗಲಿಲ್ಲ. ಅವನು ಕೈ ಹಾಕುವಷ್ಟರಲ್ಲಿ ಮುದುಕರೇ ಪ್ರೀತಿಯಿಂದ ಮೂರು ಬೆರಳು ಅದ್ದಿ ಅವನ ಹಣೆಗೆ ಎಳೆದರು. ಬೂದಿ ತಣ್ಣಗಿತ್ತು. ಬೆರಳು ಹಣೆಯ ಮೇಲೆ ಹಾದುಹೋಗುವಾಗ, ಅವತ್ತು ಅಶ್ವತ್ಥ ಕಣ್ಣು ಮುಚ್ಚಿಕೊಂಡಿದ್ದ ಎಂಬುದು ನೆನಪಿಗೆ ಬಂತು. ಬರೀ ಬಿಸಿಲಿದ್ದ ಕಡೆ ಮುಖ ಬಂದು ಕೂತಿತು, ಮುಚ್ಚಿದ ಕಣ್ಣು, ಬಿಗಿದ ದವಡೆ. ನಾಗರತ್ನಮ್ಮ ಮುದ್ದೆಯ ಮೇಲೆ ತುಪ್ಪ ಹಾಕಿದರು. ಇವನು ಉಂಡ. ಹಸಿವಾಗಿತ್ತು, ಊಟ ರುಚಿಯಾಗಿತ್ತು, ಅದನ್ನು ಅಲ್ಲವೆನ್ನಲು ಬರುವುದಿಲ್ಲ. ಉಣ್ಣುವಷ್ಟು ಹೊತ್ತೂ ಬಾಗಿಲಾಚೆ ಯಾರೋ ಸೈಕಲ್ ತಳ್ಳಿಕೊಂಡು ಆಚೆಗೊಮ್ಮೆ ಈಚೆಗೊಮ್ಮೆ ಓಡಾಡುತ್ತಿರುವ ಹಾಗೆ ಟಿಕ್ ಟಿಕ್ ಕೇಳುತ್ತಿತ್ತು.

ಹೊರಡುವಾಗ ಚನ್ನಮಲ್ಲಯ್ಯ ರಸ್ತೆಯವರೆಗೂ ಬಂದು ದಾರಿ ಹೇಳಿದರು. ಎಲ್ಲಿ ಜಾಲಿ ಬರುತ್ತದೆ, ಎಲ್ಲಿ ಟಾರು ಕಿತ್ತಿದೆ, ಎಲ್ಲಿ ನಾಯಿ ಅಟ್ಟಿಸಿಕೊಂಡು ಬರುತ್ತದೆ ಎಂಬುದನ್ನೂ ಬಿಡದೆ ಹೇಳಿದರು. ಇಷ್ಟು ಚೆನ್ನಾಗಿ ಯಾವ ಯಂತ್ರವೂ ಹೇಳುತ್ತಿರಲಿಲ್ಲ. ಒಂದು ತಿರುವೂ ತಪ್ಪದೆ ಮಧುಗಿರಿ ಬಂತು.

ಮನೆಗೆ ಹೋಗದೆ ಬೆಟ್ಟದ ಬುಡದ ಬೀದಿಗೆ ಸೈಕಲ್ ತಿರುಗಿಸಿದ. ಇಷ್ಟಾದ ಮೇಲೂ ಏಕೆ ಹೋದನೆಂದರೆ, ಇವತ್ತು ಹೋಗದಿದ್ದರೆ ಇನ್ನೆಂದಿಗೂ ಹೋಗಲಾರೆ ಎಂಬುದು ಅವನಿಗೆ ಖಚಿತವಾಗಿ ಗೊತ್ತಾಗಿತ್ತು. ಬಾಗಿಲು ತೆರೆದ ಅನುಷಾ ಒಳಗೆ ತಿರುಗಿ ತೆಲುಗಿನಲ್ಲಿ ಗಂಡನಿಗೆ ಏನೋ ಹೇಳಿ, ಬನ್ನಿ ಸಾರ್ ಎಂದಳು. ಅಶ್ವತ್ಥ ಹಿಂದಿನ ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿಕೊಂಡು ಚೈನು ಒರೆಸುತ್ತಿದ್ದ. ಕೈಯೆಲ್ಲ ಕರಿ ಎಣ್ಣೆ. ಪಕ್ಕದ ಕಲ್ಲಿನ ಮೇಲೆ ಆ ಯಂತ್ರವಿತ್ತು, ಚಿಕ್ಕದು, ಗುಂಡಿಯದು, ಬರೀ ಗೆರೆ ತೋರಿಸುವಂಥದ್ದು. ಪರಮೇಶ್ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಹಿಡಿದ. ಅಶ್ವತ್ಥ ನೋಡಿದ. ಕಣ್ಣಿಗಿಂತ ಕೊಂಚ ಮೇಲೆ ನೋಡಿ, ಅಲ್ಲೇ ಸ್ವಲ್ಪ ಹೊತ್ತು ದೃಷ್ಟಿ ನಿಲ್ಲಿಸಿ, ಮತ್ತೆ ಚೈನಿನ ಕಡೆಗೆ ತಿರುಗಿದ.

"ಊಟ ಆಯ್ತಾ ಸಾರ್?"

ಆಯ್ತು ಎಂದ ಪರಮೇಶ್. ಎಲ್ಲಿ ಎಂದು ಅವನು ಕೇಳಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಸಿಗದೆ, ಕೊನೆಗೆ ಇಷ್ಟು ದಿನ ಬಾಯಿಪಾಠ ಮಾಡಿದ್ದ ಮಾತೇ ಬಂತು. ಯಾವುದು ಕೊಳ್ಳಲಿ ಹೇಳಯ್ಯ, ನಕ್ಷೆ ಇರುವುದೋ, ಇದೋ. ಅಶ್ವತ್ಥ ಬಟ್ಟೆಗೆ ಕೈ ಒರೆಸಿಕೊಂಡು, ಯಂತ್ರವನ್ನು ಎತ್ತಿ ಅವನ ಅಂಗೈಯಲ್ಲಿಟ್ಟ. ಮೊದಲಿನ ಹಾಗೆಯೇ ನಿಧಾನವಾಗಿ, ಪಾಠ ಹೇಳುವವನ ಹಾಗೆ, ಬಿಸಿಲಿಗೆ ಪರದೆ ಹೇಗೆ ಕಾಣುತ್ತದೆ, ಎದೆಪಟ್ಟಿಯನ್ನು ಹೇಗೆ ಸೇರಿಸಬೇಕು, ಗೆರೆ ಬಿಟ್ಟರೆ ಹೇಗೆ ಕೂಗುತ್ತದೆ ಎಂದೆಲ್ಲ ಹೇಳಿದ. ಎಲ್ಲ ಮತ್ತೆ ಶುರುವಾಗುತ್ತದೆ ಎಂದೇ ಪರಮೇಶನಿಗೆ ಅನಿಸಿತು. ಅಶ್ವತ್ಥ ಯಂತ್ರವನ್ನು ವಾಪಸ್ಸು ತೆಗೆದುಕೊಂಡು ಕಲ್ಲಿನ ಮೇಲಿಟ್ಟ.

"ಆದ್ರೆ ನಿಮಗೆ ಎರಡೂ ಬೇಡ ಸಾರ್," ಅಂದ. ದನಿಯಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ಪರಮೇಶನಿಗೆ ಎಷ್ಟೋ ಸಲೀಸಾಗುತ್ತಿತ್ತು. "ನೀವು ಕೇಳಿದ್ರೆ ದಾರಿ ಹೇಳ್ತಾರೆ."

ಅನುಷಾ ಕಾಫಿ ತಂದಳು. ಪರಮೇಶ್ ನಿಂತೇ ಕುಡಿದು ಲೋಟ ಕೊಟ್ಟು, ಬರ್ತೀನಿ ಎಂದ. ಹೆಲ್ಮೆಟ್ ಹಾಕಿಕೊಳ್ಳಲು ಹೋದಾಗ ಬೆರಳು ಹಣೆಗೆ ತಾಗಿತು. ಬೆವರಿನಲ್ಲಿ ಕಲಸಿ ಒಣಗಿದ ಬೂದಿ ಪುಡಿಯಾಗಿ ಬೆರಳ ತುದಿಗೆ ಬಂತು. ಅದನ್ನು ನೋಡುತ್ತ ನಿಂತಿದ್ದಾಗ ಅಂಗಳದಲ್ಲಿ ಅಶ್ವತ್ಥ ಎಣ್ಣೆ ಹಾಕಿದ ಚಕ್ರವನ್ನು ತಿರುಗಿಸಿ ಬಿಟ್ಟ. ಟಿಕ್ ಟಿಕ್ ಎಂದು ಸದ್ದು ಬೆನ್ನ ಹಿಂದಿನಿಂದ ಬಂತು, ಕೊಂಚ ಒರಟಾದ ಸದ್ದು. ಈ ಸಲ ಹಿಂದೆ ನಿಜವಾಗಿ ಅವನೇ ಇದ್ದ. ಪರಮೇಶ್ ತಿರುಗಿ ನೋಡದೆ ಸೈಕಲ್ ಹತ್ತಿ ಬೀದಿಗೆ ಬಂದ.